ಒಂದೇ ಫೋನು, ಎರಡು ಚಿಪ್ಪು

ಹೆಸರೊಂದೇ, ಬೆಲೆಯೊಂದೇ, ಒಳಗಿನ ಚಿಪ್ಪು ಮಾತ್ರ ಬೇರೆ! 2015ರಲ್ಲಿ ಬಂದ ಐಫೋನ್ 6ಎಸ್‌ನ ಕಥೆಯಿದು. ಅದರ ‘ಎ9’ ಚಿಪ್ಪಿನ ವಿನ್ಯಾಸ ಆ್ಯಪಲ್ ಕಂಪನಿಯದು. ತಯಾರಕರು ಮಾತ್ರ ಇಬ್ಬರು: 14 ನ್ಯಾನೊಮೀಟರ್ ತಂತ್ರಜ್ಞಾನದ ಕೊರಿಯದ ಸ್ಯಾಮ್‌ಸಂಗ್, 16 ನ್ಯಾನೊಮೀಟರಿನ ತೈವಾನಿನ ಟಿಎಸ್‌ಎಂಸಿ.

ಚಿಕ್ಕ ಸಂಖ್ಯೆಯದೇ ಮಿತವ್ಯಯಿ ಎಂಬ ಊಹೆ ತಲೆಕೆಳಗಾಯಿತು. ಚಿಪ್ಪನ್ನು ಬಿಡುವಿಲ್ಲದೆ ದುಡಿಸಿದ ಕೆಲವು ಪರೀಕ್ಷೆಗಳಲ್ಲಿ ಟಿಎಸ್‌ಎಂಸಿ ಚಿಪ್ಪಿನ ಫೋನಿನ ಬ್ಯಾಟರಿಯೇ ಹೆಚ್ಚು ಹೊತ್ತು ಬಾಳಿತು. ಕೊಂಡವರಿಗೆ ಕಳವಳ. ದಿನಬಳಕೆಯಲ್ಲಿ ವ್ಯತ್ಯಾಸ ಶೇ. 2ರಿಂದ 3 ಮಾತ್ರ ಎಂದಿತು ಆ್ಯಪಲ್. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಗ್ರಾಹಕ ಪತ್ರಿಕೆಯ ಪರೀಕ್ಷೆಯಲ್ಲೂ ಗಣನೀಯ ಅಂತರ ಕಾಣಲಿಲ್ಲ.

ಕಾರಣ ಸರಳ. ದಿನಬಳಕೆಯಲ್ಲಿ ಚಿಪ್ಪಿಗೆ ಬಿಡುವೇ ಹೆಚ್ಚು. ಪರದೆಯೂ ಮೊಬೈಲ್ ಸಂಪರ್ಕವೂ ವಿದ್ಯುತ್ ಕುಡಿಯುತ್ತವೆ. ಆದ್ದರಿಂದ ಪರೀಕ್ಷೆಯ ಅಂಕಿಗಳನ್ನು ನಂಬಿ ಫೋನು ಕೊಳ್ಳುವ ಮುನ್ನ ವಿದ್ಯಾರ್ಥಿಗಳೂ ಪಾಲಕರೂ ಕೇಳಬೇಕಾದ ಪ್ರಶ್ನೆ ಒಂದೇ: ಅಳೆದದ್ದು ಹೇಗೆ?