ಬೀದರ–ಬೆಂಗಳೂರು ವಿಮಾನ: ಪಂಖದ್ದೋ, ಜೆಟ್ಟೋ?

ಬೀದರದಿಂದ ಬೆಂಗಳೂರಿಗೆ ನಾಗರಿಕ ವಿಮಾನ ಸೇವೆಯು ಉಡಾನ್ ಯೋಜನೆಯಡಿ 2020ರ ಫೆಬ್ರುವರಿಯಲ್ಲಿ ಆರಂಭವಾಯಿತು. ಟ್ರೂಜೆಟ್ ಸಂಸ್ಥೆಯು ಎಟಿಆರ್–72 ಎಂಬ ಟರ್ಬೊಪ್ರಾಪ್ ವಿಮಾನವನ್ನು ಬಳಸಿತು. 2022ರ ಆರಂಭದಲ್ಲಿ ಆ ಸಂಸ್ಥೆಯ ಹಾರಾಟವೇ ಸ್ಥಗಿತಗೊಂಡಿತು. ಅದೇ ವರ್ಷದ ಜೂನ್‌ನಲ್ಲಿ ಸ್ಟಾರ್ ಏರ್ ಸಂಸ್ಥೆಯು 50 ಆಸನಗಳ ಎಂಬ್ರೇಯರ್–145 ಜೆಟ್ ವಿಮಾನದೊಡನೆ ಬಂದಿತು. ಆ ಸೇವೆಯೂ 2023ರ ಡಿಸೆಂಬರ್‌ನಲ್ಲಿ ನಿಂತು, 2025ರ ಏಪ್ರಿಲ್‌ನಲ್ಲಿ ಪುನರಾರಂಭಗೊಂಡಿತು.

ಹೀಗೆ ಎರಡೂ ಬಗೆಯ ವಿಮಾನಗಳ ಅನುಭವ ನಮ್ಮ ವರ್ತಕ ಬಾಂಧವರಿಗೆ ದೊರೆತಿದೆ. "ಪಂಖದ ವಿಮಾನ ಹಳೆಯ ಕಾಲದ್ದು, ಸದ್ದು ಬಹಳ, ಜೆಟ್ ಬಂದರೆ ಸಾಕು" ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಈ ಅಭಿಪ್ರಾಯವನ್ನು ಲೆಕ್ಕದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಂತ್ರದ ವ್ಯತ್ಯಾಸ

ಟರ್ಬೊಪ್ರಾಪ್ ಹಳೆಯ ಕಾಲದ ಯಂತ್ರವೆಂಬುದು ತಪ್ಪು ತಿಳಿವಳಿಕೆ. ಎರಡರಲ್ಲಿಯೂ ಇರುವುದು ಟರ್ಬೈನ್ ಎಂಜಿನ್ನೇ. ಜೆಟ್‌ನಲ್ಲಿ ಎಂಜಿನ್ನು ಗಾಳಿಯನ್ನು ರಭಸದಿಂದ ಹಿಂದಕ್ಕೆ ತಳ್ಳಿ ವಿಮಾನವನ್ನು ಮುನ್ನಡೆಸುತ್ತದೆ. ಟರ್ಬೊಪ್ರಾಪ್‌ನಲ್ಲಿ ಅದೇ ಟರ್ಬೈನ್ ಹೊರಗಿನ ಪಂಖವನ್ನು ತಿರುಗಿಸುತ್ತದೆ. ಪಂಖ ಕಣ್ಣಿಗೆ ಕಾಣುವುದರಿಂದ ಪ್ರಯಾಣಿಕರಿಗೆ ಅಳುಕು ಉಂಟಾಗುವುದು ಸಹಜ. ಆದರೆ ಎರಡೂ ಬಗೆಯ ವಿಮಾನಗಳು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಿಗೆ ಒಳಪಟ್ಟೇ ಹಾರುತ್ತವೆ.

ಸಮಯದ ಲೆಕ್ಕ

ಬೀದರ ಮತ್ತು ಬೆಂಗಳೂರು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 520 ಕಿ.ಮೀ. ಎಟಿಆರ್‌ನ ವೇಗ ಗಂಟೆಗೆ ಸುಮಾರು 500 ಕಿ.ಮೀ.; ಈ ಜೆಟ್‌ನದು ಸುಮಾರು 800 ಕಿ.ಮೀ. ಬರಿಯ ಗುಣಾಕಾರ–ಭಾಗಾಕಾರದಂತೆ 62 ನಿಮಿಷ ಹಾಗೂ 39 ನಿಮಿಷ. ಆದರೆ ಮೇಲೇರುವಾಗಲೂ ಇಳಿಯುವಾಗಲೂ ಜೆಟ್ ತನ್ನ ಪೂರ್ಣ ವೇಗದಲ್ಲಿ ಸಾಗದು. ಆದುದರಿಂದ ನಿಜವಾದ ಉಳಿತಾಯ ಹೆಚ್ಚೆಂದರೆ 20 ನಿಮಿಷ.

ಔರಾದ ಅಥವಾ ಭಾಲ್ಕಿಯ ವ್ಯಾಪಾರಿಯು ಬೀದರಕ್ಕೆ ಬರಲು ಸುಮಾರು 40 ಕಿ.ಮೀ. ರಸ್ತೆ ಕ್ರಮಿಸಬೇಕು, ಮುಂಚಿತವಾಗಿ ನಿಲ್ದಾಣ ತಲುಪಬೇಕು, ದೇವನಹಳ್ಳಿಯಲ್ಲಿ ಇಳಿದ ಮೇಲೆ ನಗರ ಸೇರಬೇಕು. ಅವನ ಒಟ್ಟು ಪ್ರಯಾಣದಲ್ಲಿ ಈ 20 ನಿಮಿಷ ದೊಡ್ಡ ಬಾಬತ್ತಲ್ಲ.

ಸದ್ದು ಮತ್ತು ಕುಲುಕಾಟ

ಈ ದೂರಿನಲ್ಲಿ ಹುರುಳಿದೆ. ಎಟಿಆರ್ ಹಾರುವ ಎತ್ತರ 25,000 ಅಡಿಯನ್ನು ಮೀರದು. ಜೆಟ್ ಅದಕ್ಕಿಂತ ಮೇಲೇರಬಲ್ಲದಾದ್ದರಿಂದ ಮಳೆಗಾಲದ ಮೋಡಗಳ ತೊಂದರೆ ಅದಕ್ಕೆ ಕಡಿಮೆ. ಎಟಿಆರ್‌ನಲ್ಲಿ ಪಂಖಗಳ ಸಮೀಪದ ಮುಂದಿನ ಸಾಲುಗಳಲ್ಲಿ ಸದ್ದು ಹೆಚ್ಚು, ಹಿಂದೆ ಕಡಿಮೆ. ಎಂಬ್ರೇಯರ್–145ರಲ್ಲಿ ಎಂಜಿನ್ನುಗಳು ಬಾಲದ ಬಳಿ ಇರುವುದರಿಂದ ಹಿಂದಿನ ಸಾಲುಗಳಲ್ಲಿಯೇ ಸದ್ದು. ಆಸನ ಆರಿಸುವಾಗ ಇದನ್ನು ನೆನಪಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಖರ್ಚಿನ ಲೆಕ್ಕ

ಇಂತಹ ಹತ್ತಿರದ ಮಾರ್ಗಗಳಲ್ಲಿ ತಲಾ ಆಸನಕ್ಕೆ ತಗಲುವ ಇಂಧನ ಟರ್ಬೊಪ್ರಾಪ್‌ನಲ್ಲಿ ಗಣನೀಯವಾಗಿ ಕಡಿಮೆ. ಆದರೆ ಈ ಅನುಕೂಲ ದೊರೆಯುವುದು ಆಸನಗಳು ಭರ್ತಿಯಾದಾಗ ಮಾತ್ರ. ಉದಾಹರಣೆಗೆ, ದಿನಕ್ಕೆ 35 ಪ್ರಯಾಣಿಕರಿದ್ದಾರೆಂದು ಭಾವಿಸೋಣ. 70 ಆಸನಗಳ ವಿಮಾನ ಶೇ. 50ರಷ್ಟು ತುಂಬುತ್ತದೆ, 50 ಆಸನಗಳದ್ದು ಶೇ. 70ರಷ್ಟು. ಖಾಲಿ ಆಸನವೆಂದರೆ ಬಾಡಿಗೆ ಬಾರದ ಮಳಿಗೆಯಿದ್ದಂತೆ. ಉಡಾನ್ ಯೋಜನೆಯಲ್ಲಿ ಕೆಲವು ಆಸನಗಳ ದರಕ್ಕೆ ಮಿತಿ ವಿಧಿಸಿ, ಸಂಸ್ಥೆಗಾಗುವ ಕೊರತೆಯನ್ನು ಅನುದಾನದಿಂದ ತುಂಬಲಾಗುತ್ತದೆ. ಆದರೆ ಆ ಅನುದಾನದ ಅವಧಿ ಮೂರು ವರ್ಷ ಮಾತ್ರ. ಅನಂತರ ಮಾರ್ಗವು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ನಾವು ಕೇಳಬೇಕಾದುದು

ಬೀದರದಲ್ಲಿ ಪಂಖದ ಸೇವೆಯೂ ನಿಂತಿತು, ಜೆಟ್ ಸೇವೆಯೂ ನಿಂತಿತ್ತು. ವಿಮಾನ ನಿಂತಾಗಲೆಲ್ಲ ನಮ್ಮ ದಾಲ್ ಮಿಲ್ ಮಾಲೀಕರೂ ಕೈಗಾರಿಕೋದ್ಯಮಿಗಳೂ ರಾತ್ರಿಯ ಬಸ್ಸು ರೈಲುಗಳನ್ನು, ಇಲ್ಲವೇ ಹೈದರಾಬಾದಿನ ಶಂಶಾಬಾದ್ ನಿಲ್ದಾಣವನ್ನು ಅವಲಂಬಿಸಬೇಕಾಯಿತು. ಇಡೀ ಒಂದು ದಿನವನ್ನು ಕಳೆದುಕೊಂಡವನಿಗೆ 20 ನಿಮಿಷದ ಉಳಿತಾಯದ ಚರ್ಚೆಯಿಂದ ಏನು ಪ್ರಯೋಜನ?

ಆದಕಾರಣ ವಿಮಾನ ಸಂಸ್ಥೆಗಳಿಗೆ ಮನವಿ ಸಲ್ಲಿಸುವಾಗ ಜೆಟ್ಟೇ ಬೇಕೆಂದು ಪಟ್ಟು ಹಿಡಿಯದೆ, ಬೆಂಗಳೂರಿನ ಕೆಲಸ ಮುಗಿಸಿ ಅದೇ ದಿನ ಮರಳಲು ಅನುಕೂಲವಾದ ವೇಳಾಪಟ್ಟಿ, ಹಾರಾಟ ರದ್ದಾಗದೆಂಬ ಭರವಸೆ ಹಾಗೂ ಬೇಡಿಕೆಗೆ ತಕ್ಕಷ್ಟು ಆಸನಗಳ ವಿಮಾನ, ಈ ಮೂರನ್ನು ಕೇಳುವುದು ಯುಕ್ತ. ಅದಕ್ಕೆ ಅಂಕಿ ಅಂಶಗಳ ಬೆಂಬಲವೂ ಬೇಕು. ಪ್ರತಿಯೊಬ್ಬ ಸದಸ್ಯರೂ ತಮ್ಮ ಸಂಸ್ಥೆಯ ವಾರ್ಷಿಕ ಬೆಂಗಳೂರು ಪ್ರಯಾಣಗಳ ಸಂಖ್ಯೆಯನ್ನು ಬರೆದಿಡಲಿ. ವ್ಯವಹಾರದ ಟಿಕೆಟ್ ಕಾಯ್ದಿರಿಸುವಾಗ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಲಿ. ಎಕಾನಮಿ ದರ್ಜೆಯ ಶೇ. 5ರ ತೆರಿಗೆಗೆ ನಿಯಮಾನುಸಾರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಲ್ಲದೆ, ಪ್ರಯಾಣದ ದಾಖಲೆಯೂ ಉಳಿಯುತ್ತದೆ. ಬೇಡಿಕೆಯನ್ನು ಲೆಕ್ಕದಲ್ಲಿ ತೋರಿಸಬಲ್ಲ ಊರಿನ ಮನವಿಗೆ ತೂಕ ಹೆಚ್ಚು.