ಟಪ್ಪು ಹೊಲಿಸುವ ಮೊದಲು ಕೀಲು ನೋಡಿರಿ



ಕೊಲ್ಹಾಪುರದ ದಸರಾ ಚೌಕದ ಶಾಹಿ ದಸರೆಗೆ ಛತ್ರಪತಿ ಮನೆತನದವರು ಹಳೆಯ ಮೇಬ್ಯಾಕ್ ಕಾರಿನಲ್ಲಿ ಬರುವ ವಾಡಿಕೆ ನಿಮಗೆಲ್ಲ ಗೊತ್ತಿದ್ದದ್ದೇ. ಅಂಥ ಜರ್ಮನ್ ಗಾಡಿ ಊರಿಗೊಂದು ಇರಲಾರದು. ಆದರೆ 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೋಡಿಸಲು ತೊಡಗಿದ ವಿಲ್ಲಿಸ್ ಜೀಪಿನ ವಂಶದ ಗಾಡಿಗಳು ಕೃಷ್ಣಾ-ಪಂಚಗಂಗೆಯ ದಂಡೆಯ ಊರುಗಳಲ್ಲಿ ಅಲ್ಲಲ್ಲಿ ಇನ್ನೂ ಉಳಿದಿವೆ. ಮೇಬ್ಯಾಕ್ ಇರಲಿ, ಜೀಪು ಇರಲಿ, ಬಿಚ್ಚಿ ಮಡಚುವ ಟಪ್ಪಿನ ಕಾಯಿಲೆ ಒಂದೇ. ಬಟ್ಟೆ ಹರಿದಾಗ ನಾವು ಬಟ್ಟೆಯನ್ನು ಬೈಯುತ್ತೇವೆ. ನಿಜವಾಗಿ ಸವೆದಿರುವುದು ಅದನ್ನು ಹಿಡಿದಿರುವ ಕೀಲು, ಕೊಂಡಿ, ಬಟನ್ನುಗಳು.

ಟಪ್ಪಿನ ಕೆಳಗೆ ಕೊಳವೆಯ ಕಮಾನುಗಳಿರುತ್ತವೆ. ಅವು ಬಾಡಿಗೆ ಕೂಡುವಲ್ಲಿ ಒಂದು ಬ್ರಾಕೆಟ್ಟು, ಅದರಲ್ಲಿ ಒಂದು ಪಿನ್ನು. ನಾವು ಕೀಲು ಎನ್ನುವುದನ್ನೇ ಮರಾಠಿಯಲ್ಲಿ ಬಿಜಾಗರಿ ಎನ್ನುತ್ತಾರೆ. ಮುಂದೆ ಗಾಜಿನ ಚೌಕಟ್ಟಿಗೆ ಟಪ್ಪನ್ನು ಬಿಗಿಯುವ ಹಿಡಿಕೆಗಳು, ಸುತ್ತಲೂ ಬೆಲ್ಟು, ಬಕಲ್ಲು, ಟಿಚ್ ಬಟನ್ನು. ಬಟ್ಟೆಯನ್ನು ಪೂರ್ತಿ ತೆಗೆದು ಬರಿಯ ಕಮಾನನ್ನು ಹಿಡಿದು ಅಲುಗಿಸಿ ನೋಡಿರಿ. ಕಟಕಟ ಸದ್ದು ಬಂದರೆ ಪಿನ್ನಿನ ತೂತು ದುಂಡಗಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದರ್ಥ. ಆ ಸಡಿಲಿಕೆಯೇ ದಿನವೂ ಬಟ್ಟೆಯನ್ನು ಎಳೆದು ಹರಿಯುತ್ತದೆ.

ಇದಕ್ಕೆ ದಪ್ಪ ಬೋಲ್ಟು ತುರುಕುವುದು ಮದ್ದಲ್ಲ. ತೂತನ್ನು ಕೊರೆದು ದುಂಡಗೆ ಮಾಡಿ, ಹಿತ್ತಾಳೆಯ ಬುಶ್ ಕೂಡಿಸಿ, ಮೊದಲಿನ ಅಳತೆಯ ಪಿನ್ನನ್ನೇ ಹಾಕಬೇಕು. ಮುಂದೆ ಸವೆದರೆ ಬುಶ್ ಸವೆಯುತ್ತದೆ, ಬ್ರಾಕೆಟ್ಟು ಉಳಿಯುತ್ತದೆ. ಎಡ ಬಲ ಎರಡೂ ಕಡೆ ಒಟ್ಟಿಗೇ ಮಾಡಿಸಿರಿ. ಬ್ಯಾಂಕಿನ ಖಾತೆಯಲ್ಲಿ ಜಮಾ ಖರ್ಚು ಕೂಡಬೇಕಾದ ಹಾಗೆ ಇಲ್ಲಿ ಎರಡು ಬದಿಯ ಎತ್ತರ ಕೂಡಬೇಕು. ಇಲ್ಲವಾದರೆ ಕಮಾನು ಓರೆಯಾಗಿ ನಿಲ್ಲುತ್ತದೆ.

ಬ್ರಾಕೆಟ್ಟು ಮುರಿದಿದ್ದರೆ ಮೊದಲು ಲೋಹ ಯಾವುದೆಂದು ತಿಳಿಯಬೇಕು. ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ ಇಲ್ಲವೆ ಉಕ್ಕು. ಉಕ್ಕಿನ ತಗಡಾದರೆ ವೆಲ್ಡಿಂಗ್ ನಿಲ್ಲುತ್ತದೆ. ಬೀಡು ಕಬ್ಬಿಣವಾದರೆ ನಿಧಾನವಾಗಿ ಕಾಯಿಸಿ, ಹಿತ್ತಾಳೆಯಿಂದ ಬೆಸೆದು, ಬೂದಿಯಲ್ಲಿ ಹುಗಿದು ತಣಿಸಬೇಕು. ಗಾಳಿಗೆ ಒಮ್ಮೆಲೇ ತಣಿದರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಅಂಟದೆ ಹಗುರಾಗಿದ್ದರೆ ಅಲ್ಯುಮಿನಿಯಂ. ಅಂಟದೆ ಭಾರವಾಗಿದ್ದು, ಮುರಿದಲ್ಲಿ ಬೂದು ಬಣ್ಣದ ಹರಳು ಕಂಡರೆ ಅದು ಸತುವಿನ ಎರಕ. ಹಳೆಯ ಕಾರುಗಳ ಹೊಳೆಯುವ ಹಿಡಿಕೆಗಳು ಅನೇಕ ಸಲ ಇದರವೇ. ಇದನ್ನು ಗ್ಯಾಸಿನ ಹತ್ತಿರ ಒಯ್ಯಲೇಬೇಡಿರಿ. ಹಿತ್ತಾಳೆ ಬೆಸುಗೆಗೆ ಸುಮಾರು 900 ಡಿಗ್ರಿ ಶಾಖ ಬೇಕು. ಈ ಎರಕ 400 ಡಿಗ್ರಿಯೊಳಗೇ ಕರಗಿ ಮುದ್ದೆಯಾಗುತ್ತದೆ.

ಹಾಗಾದರೆ ದಾರಿ ಏನು? ಮುರಿದ ತುಂಡನ್ನೇ ಮಾದರಿಯಾಗಿಟ್ಟು ಹಿತ್ತಾಳೆ ಅಥವಾ ಗನ್ ಮೆಟಲ್‌ನಲ್ಲಿ ಹೊಸದನ್ನು ಎರಕ ಹೊಯ್ಯಿಸುವುದು. ಎರಕದ ಕೆಲಸಕ್ಕೆ ನಾವು ದೂರ ಹೋಗಬೇಕಿಲ್ಲ. ಗಡಿಯ ಈಚೆ ಕೊಲ್ಹಾಪುರದ ಶಿವಾಜಿ ಉದ್ಯಮನಗರ, ಆಚೆ ಬೆಳಗಾವಿಯ ಉದ್ಯಮಬಾಗ. ಆದರೆ ಒಂದು ಲೆಕ್ಕ ನೆನಪಿಡಿರಿ. ಹಿತ್ತಾಳೆ ತಣಿಯುವಾಗ ನೂರಕ್ಕೆ ಸುಮಾರು ಒಂದೂವರೆ ಪಾಲು ಕುಗ್ಗುತ್ತದೆ. 20 ಸೆಂಟಿಮೀಟರ್ ಉದ್ದದ ತುಂಡು ಸುಮಾರು 3 ಮಿಲಿಮೀಟರ್ ಗಿಡ್ಡಾಗುತ್ತದೆ, ತೂತುಗಳು ಬೋಲ್ಟಿಗೆ ಕೂಡುವುದಿಲ್ಲ. ಆದ್ದರಿಂದ ಮಾದರಿಯನ್ನು ಅಷ್ಟು ದೊಡ್ಡದು ಮಾಡಿ, ತೂತನ್ನು ಎರಕದ ನಂತರವೇ ಕೊರೆಯಬೇಕು. ಎಡ ಬಲದ ತುಂಡುಗಳು ಕನ್ನಡಿಯ ಬಿಂಬದಂತೆ ಇರುತ್ತವೆ. ಎರಡೂ ಎಡದವೇ ಆಗದಂತೆ ನೋಡಿಕೊಳ್ಳಿರಿ.

ಇನ್ನು ಜೀವಕ್ಕೆ ಸಂಬಂಧಪಟ್ಟ ಎರಡು ಮಾತು. ಅನೇಕ ಹಳೆಯ ಜೀಪುಗಳಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇರುತ್ತದೆ. ಕಮಾನಿನ ಬ್ರಾಕೆಟ್ಟನ್ನು ಗಾಡಿಯ ಮೇಲೇ ವೆಲ್ಡಿಂಗ್ ಮಾಡುವುದೆಂದರೆ ಬೆಂಕಿಯನ್ನು ಕರೆದಂತೆ. ಬಿಚ್ಚಿ ದೂರ ಒಯ್ದು ಮಾಡಿಸಿರಿ. ಎರಡನೆಯದು, ಮುಂದಿನ ಹಿಡಿಕೆ. ಅದು ಸಡಿಲಾಗಿದ್ದರೆ ಓಡುವ ಗಾಡಿಯ ಗಾಳಿ ಟಪ್ಪಿನೊಳಗೆ ಹೊಕ್ಕು ಅದನ್ನು ಎತ್ತಿ ಹಾರಿಸುತ್ತದೆ. ಹಾರಿದ ಟಪ್ಪು ಹಿಂದೆ ಬರುವ ಮೋಟಾರ್‌ಸೈಕಲ್ಲಿನವನ ಮುಖಕ್ಕೆ ಬಡಿದರೆ ಗತಿಯೇನು?

2019 ಮತ್ತು 2021ರ ಮಹಾಪೂರದಲ್ಲಿ ಮುಳುಗಿದ ಗಾಡಿಗಳಿದ್ದವರು ಕಮಾನಿನ ಕೊಳವೆಯ ಒಳಗೂ ನೋಡಬೇಕು. ರಾಡಿ ಕೂತಿದ್ದರೆ ಹೊರಗೆ ಬಣ್ಣ ಚೆನ್ನಾಗಿದ್ದೂ ಒಳಗೆ ತುಕ್ಕು ತಿನ್ನುತ್ತಿರುತ್ತದೆ. ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಬಿಡಿರಿ.

ಇಷ್ಟೆಲ್ಲ ಮುಗಿದ ಮೇಲೆ, ಕಮಾನು ನೆಟ್ಟಗೆ ನಿಂತ ಮೇಲೆಯೇ, ಬಟ್ಟೆಯ ಅಳತೆ ತೆಗೆಸಿರಿ. ಟಿಚ್ ಬಟನ್ನು ಹಿತ್ತಾಳೆಯದೇ ಇರಲಿ, ಬಟ್ಟೆಯ ಹಿಂದೆ ಚರ್ಮದ ತುಂಡು ಕೊಟ್ಟು ಕೂಡಿಸಲಿ.

ಕೊನೆಯದಾಗಿ ಒಂದು ವಿನಂತಿ. ಮುರಿದ ತುಂಡನ್ನು ಭಂಗಾರದವನಿಗೆ ಕೊಡಬೇಡಿರಿ. ಅಂಗಡಿಯಲ್ಲಿ ಸಿಗದ ಸಾಮಾನಿಗೆ ಅದೊಂದೇ ನಕಾಶೆ. ಚೀಟಿ ಕಟ್ಟಿ, ಎಡವೋ ಬಲವೋ ಬರೆದು, ಡಬ್ಬಿಯಲ್ಲಿ ಇಡಿರಿ. ತುಂಡು ಉಳಿದರೆ ಗಾಡಿ ಉಳಿಯುತ್ತದೆ.