ಅಜ್ಜಿಯ ಸಾಮಾಯಿಕ

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮೋಹವಳಿದ ಗೃಹಸ್ಥನಿಗೆ ಮೋಹವುಳ್ಳ ಮುನಿಗಿಂತ ಮೇಲಿನ ಸ್ಥಾನ ಕೊಟ್ಟಿದ್ದಾರೆ. ಅದನ್ನು ಓದಿದಾಗಲೆಲ್ಲ ನನ್ನ ಅಜ್ಜಿ ನೆನಪಾಗುತ್ತಾರೆ. ಆರ್ಯಿಕಾ ದೀಕ್ಷೆಯ ಹಂಬಲವಿದ್ದ ಅವರು, ನಮ್ಮ ತಾಯಿ ಅಕಾಲದಲ್ಲಿ ತೀರಿಕೊಂಡ ಬಳಿಕ ಮೂವರು ಮೊಮ್ಮಕ್ಕಳಿಗಾಗಿ ಮನೆಯಲ್ಲಿಯೇ ಉಳಿದರು. ಅದನ್ನು ತ್ಯಾಗವೆಂದು ಎಂದೂ ಹೇಳಿಕೊಂಡವರಲ್ಲ.

ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಅದರಲ್ಲುಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಸೂರ್ಯಾಸ್ತಕ್ಕೆ ಮುನ್ನ ನಮಗೆಲ್ಲ ಬಡಿಸಿ ಕೊನೆಗೆ ಉಣ್ಣುವರು. ಹೊತ್ತು ಮುಳುಗಿಬಿಟ್ಟರೆ ಅಂದು ಅವರಿಗೆ ಊಟವಿಲ್ಲ. ಅನಂತರ 48 ನಿಮಿಷಗಳ ಸಾಮಾಯಿಕ. ಆಗ ಅವರು ಕದಲಿದ್ದನ್ನು ಒಮ್ಮೆ ಮಾತ್ರ ಕಂಡೆ. ತಮ್ಮ ಜ್ವರದಿಂದ ನರಳಿದಾಗ ನಡುವೆಯೇ ಎದ್ದು ಬಂದು, ಬೆಳಗಾಗುವವರೆಗೆ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದರು. ಮರುದಿನ ಪ್ರಾಯಶ್ಚಿತ್ತವೆಂದು ಉಪವಾಸವಿದ್ದರು. ಕಾರಣವನ್ನು ತಮ್ಮನಿಗೆ ತಿಳಿಸಲೇ ಇಲ್ಲ.